ಮಂಜಿನ ಕಣಿವೆಯಲ್ಲಿ 84 ಮೈಕ್ರೊಸೆಕೆಂಡು

ಕ್ಯಾಮೆರಾ ಸರ್ರನೆ ತಿರುಗಿತು. ಅರೆಕ್ಷಣದ ಹಿಂದೆ ಪರದೆ ತುಂಬ ನಿಂತು, ಸೀಮೆನ್ಸ್ ಎಂದು ಬರೆದ ಹೆಲ್ಮೆಟ್ ತೊಟ್ಟು, ಏನನ್ನೋ ಹುರುಪಿನಿಂದ ವಿವರಿಸುತ್ತಿದ್ದ ಮನುಷ್ಯ ಅಂಚಿಗೆ ಜಾರಿ ಮಾಯವಾದ. ಅವನಿದ್ದ ಜಾಗಕ್ಕೆ ಅರ್ಧಂಬರ್ಧ ಎದ್ದ ಕಟ್ಟಡವೊಂದು ನುಗ್ಗಿ ಬಂತು. ನೋಡುವವರಿಗೆ ಕಣ್ಣು ಪಿಳುಕಿಸುವಷ್ಟರ ಸಂಗತಿ. ಆದರೆ ಈ ದೃಶ್ಯವನ್ನೆಲ್ಲ ಕುಗ್ಗಿಸಿ ತಂತಿಯೊಳಗೆ ತೂರಿಸಬೇಕಾದ ಎನ್‌ಕೋಡರಿನ ಪಾಲಿಗೆ ಆಕಾಶವೇ ಕಳಚಿ ಬಿದ್ದಿತ್ತು.

ಇದು 'ಫೋರ್‌ಮನ್' ಎಂಬ ತುಣುಕು. 300 ಫ್ರೇಮು, ಸೆಕೆಂಡಿಗೆ 30ರಂತೆ ಓಡಿಸಿದರೆ ಬರೀ ಹತ್ತು ಸೆಕೆಂಡು. ವಿಡಿಯೊ ಎಂಜಿನಿಯರುಗಳು ಈ ಹತ್ತು ಸೆಕೆಂಡನ್ನು ನೋಡಿದಷ್ಟು ಸಲ ಯಾವ ಅಭಿಮಾನಿಯೂ ತನ್ನ ನಟನ ಚಿತ್ರವನ್ನು ನೋಡಿರಲಾರ. ಚಲನೆಯನ್ನು ಬೇಗ ಪತ್ತೆಹಚ್ಚುವ ಉಪಾಯ ಸಿಕ್ಕಿತು ಎಂದು ಬಂದವರೆಲ್ಲ ಇಂಥ ಕೆಲವು ತುಣುಕುಗಳನ್ನು ದಾಟಿ ತೋರಿಸಬೇಕಿತ್ತು. ವಾರ್ತೆ ಓದುವ 'ಅಕಿಯೊ' ಸುಲಭದವಳು. ತುಟಿ, ಕಣ್ಣು, ತಲೆ ಬಿಟ್ಟರೆ ಏನೂ ಅಲುಗುವುದಿಲ್ಲ. 'ಸ್ಟೀಫನ್' ಟೆನಿಸ್ ಅಂಗಳದಲ್ಲಿ ಓಡುತ್ತಾನೆ, ಕ್ಯಾಮೆರಾ ಅವನ ಹಿಂದೆ ಓಡುತ್ತದೆ, ಪ್ರೇಕ್ಷಕರೆಲ್ಲ ಕಲಸಿಹೋಗುತ್ತಾರೆ. ಫೋರ್‌ಮನ್ ಮಾತ್ರ ಮೋಸಗಾರ. ಮೊದಮೊದಲು ತಲೆದೂಗುತ್ತ ಮಾತು, ನಡುವೆ ಕ್ಯಾಮೆರಾಕ್ಕೆ ಅಡ್ಡಬರುವ ಕೈ, ಆಮೇಲೆ ಈ ಎಳೆತ.

ಕಾಲ 1999. ಮೇಜಿನ ಮೇಲೆ 500 ಮೆಗಾಹರ್ಟ್ಸ್‌ನ ಪೆಂಟಿಯಂ 3. ಫ್ರೇಮಿನ ಅಳತೆ 352×288 ಪಿಕ್ಸೆಲ್. ಎನ್‌ಕೋಡರ್ ಅದನ್ನು 16×16ರ ಚೌಕಗಳಾಗಿ ಕತ್ತರಿಸಿದೆ. ಒಟ್ಟು 396 ಚೌಕ. ಪ್ರತಿಯೊಂದು ಚೌಕವೂ ಉತ್ತರಿಸಬೇಕಾದದ್ದು ಒಂದೇ ಪ್ರಶ್ನೆ: ಹಿಂದಿನ ಫ್ರೇಮಿನಲ್ಲಿ ನೀನೆಲ್ಲಿದ್ದೆ? 'ಮೂರು ಪಿಕ್ಸೆಲ್ ಎಡಕ್ಕೆ, ಒಂದು ಮೇಲಕ್ಕೆ' ಎಂಬ ಉತ್ತರ ಸಿಕ್ಕಿತೋ, ಕೆಲವೇ ಬಿಟ್‌ಗಳಲ್ಲಿ ಕೆಲಸ ಮುಗಿಯಿತು. ಸಿಗಲಿಲ್ಲವೋ, 256 ಪಿಕ್ಸೆಲ್ಲುಗಳನ್ನೂ ಹೊಸದಾಗಿ ಹೊತ್ತು ಸಾಗಿಸಬೇಕು. ಈ ಹುಡುಕಾಟಕ್ಕೆ ಮೋಷನ್ ಎಸ್ಟಿಮೇಶನ್ ಎನ್ನುತ್ತಾರೆ. ಎನ್‌ಕೋಡರಿನ ದುಡಿಮೆಯ ಸಿಂಹಪಾಲನ್ನು ನುಂಗುವುದು ಇದೇ.

ಫ್ರೇಮಿಗೆ 33 ಮಿಲಿಸೆಕೆಂಡು. ಅದನ್ನು 396 ಚೌಕಗಳಿಗೆ ಹಂಚಿದರೆ ಚೌಕಕ್ಕೆ 84 ಮೈಕ್ರೊಸೆಕೆಂಡು. ಆ ಪ್ರೊಸೆಸರಿನ ಗಡಿಯಾರದಲ್ಲಿ ಸುಮಾರು 42,000 ಟಿಕ್‌ಗಳು. ಅಷ್ಟರೊಳಗೆ ಹುಡುಕಬೇಕು, ಉಳಿಕೆಯನ್ನು ಕಳೆದು ತೆಗೆಯಬೇಕು, ಕುಗ್ಗಿಸಬೇಕು, ಬಿಟ್‌ಗಳಾಗಿ ಬರೆಯಬೇಕು. ನೇರಪ್ರಸಾರದಲ್ಲಿ ತಡವಾದ ಫ್ರೇಮಿಗೆ ಕ್ಷಮೆಯಿಲ್ಲ. ಅದನ್ನು ಎಸೆಯುತ್ತಾರೆ. ಹಿಂದೆಯೇ ಮುಂದಿನದು ಬಂದು ನಿಂತಿರುತ್ತದೆ.

ಹುಡುಕುವ ಬಗೆ ಮೇಲ್ನೋಟಕ್ಕೆ ಸರಳ. ಚೌಕವನ್ನು ಹಿಂದಿನ ಫ್ರೇಮಿನ ಒಂದು ಜಾಗದ ಮೇಲಿಡು. 256 ಪಿಕ್ಸೆಲ್ಲುಗಳ ವ್ಯತ್ಯಾಸ ತೆಗೆ, ಚಿಹ್ನೆ ಬಿಟ್ಟು ಕೂಡು. ಬಂದ ಮೊತ್ತವೇ ಸ್ಯಾಡ್. ಕಡಿಮೆ ಸ್ಯಾಡ್ ಎಂದರೆ ಹತ್ತಿರದ ಹೋಲಿಕೆ. ಎಲ್ಲ ದಿಕ್ಕಿಗೂ 16 ಪಿಕ್ಸೆಲ್‌ವರೆಗೆ ಹುಡುಕುತ್ತೇನೆಂದರೆ 33×33, ಅಂದರೆ 1,089 ಜಾಗ. ಒಂದೊಂದಕ್ಕೂ 256 ಕಳೆಯುವ ಲೆಕ್ಕ. ಒಟ್ಟು 2,78,784.

ಕೈಯಲ್ಲಿರುವುದು 42,000 ಟಿಕ್.

ಎಲ್ಲ ಜಾಗವನ್ನೂ ನೋಡುತ್ತೇನೆ ಎಂದವನು ಮೊದಲ ಚೌಕದಲ್ಲೇ ಸತ್ತ. ಹಾಗಾದರೆ ಏನನ್ನು ನೋಡದೆ ಬಿಡುವುದು? ಮುಂದಿನ ಕಥೆಯೆಲ್ಲ ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ಹೋದವರದು.

ಮಳೆಗಾಲದ ಘಟ್ಟವನ್ನು ನೆನೆಸಿಕೊಳ್ಳಿ. ದಟ್ಟ ಮಂಜು, ಚಾಚಿದ ಕೈ ಕಾಣದು. ಎಲ್ಲೋ ಕೆಳಗೆ ಕಣಿವೆಯ ತಳವಿದೆ, ಅಲ್ಲಿಗೆ ಇಳಿಯಬೇಕು. ನಿಂತ ಜಾಗದ ಎತ್ತರ ಗೊತ್ತಾಗುತ್ತದೆ, ಅಷ್ಟೆ. ಪಕ್ಕದ ಎತ್ತರ ತಿಳಿಯಬೇಕಾದರೆ ಅಲ್ಲಿಗೇ ಕಾಲಿಡಬೇಕು, ಪ್ರತಿ ಕಾಲಿಗೂ 256 ಕಳೆಯುವ ಲೆಕ್ಕದ ಸುಂಕ ತೆರಬೇಕು. ಸ್ಯಾಡ್ ಎಂಬುದು ಆ ಎತ್ತರ. 1,089 ಜಾಗಗಳ ಆ ನೆಲವೇ ಘಟ್ಟ.

1981ರಲ್ಲಿ ಎರಡು ತಂಡಗಳು ಈ ಮಂಜಿಗೆ ಇಳಿದವು. ಜಸ್ವಂತ್ ಜೈನ್ ಮತ್ತು ಅನಿಲ್ ಜೈನ್ ಒಂದು ಕಡೆ. ಜಪಾನಿನ ಎನ್‌ಇಸಿಯ ಕೋಗಾ ಮತ್ತು ಸಂಗಡಿಗರು ಇನ್ನೊಂದು ಕಡೆ. ವಿಡಿಯೊ ಸಭೆಗಳಿಗಾಗಿ ದಾರಿ ಹುಡುಕಿದ ಅವರು ನ್ಯೂ ಆರ್ಲಿಯನ್ಸ್‌ನ ಸಮ್ಮೇಳನದಲ್ಲಿ ಅದನ್ನು ಮಂಡಿಸಿದರು. ಇಬ್ಬರ ನಂಬಿಕೆಯೂ ಒಂದೇ: ತಳದಿಂದ ದೂರ ಹೋದಂತೆಲ್ಲ ನೆಲ ಏರುತ್ತಲೇ ಹೋಗುತ್ತದೆ. ಹಾಗಿದ್ದರೆ ಎಲ್ಲ ಕಡೆ ಕಾಲಿಡುವ ದರ್ದೇನು? ದೊಡ್ಡ ಹೆಜ್ಜೆಯಲ್ಲಿ ಸುತ್ತ ನೋಡು, ತಗ್ಗಿನ ಕಡೆ ಸರಿ, ಹೆಜ್ಜೆಯನ್ನು ಅರ್ಧ ಮಾಡು.

ಕೋಗಾ ತಂಡದ ದಾರಿಗೆ 'ಮೂರು ಹೆಜ್ಜೆಯ ಹುಡುಕಾಟ' ಎಂಬ ಹೆಸರು ನಿಂತಿತು. ಮೊದಲು ನಾಲ್ಕು ಪಿಕ್ಸೆಲ್ ಅಂತರದಲ್ಲಿ ಒಂಬತ್ತು ಬಿಂದು. ತಗ್ಗಿನ ಬಿಂದುವಿಗೆ ಹಾರು. ಈಗ ಎರಡು ಪಿಕ್ಸೆಲ್ ಅಂತರ, ಎಂಟು ಹೊಸ ಬಿಂದು. ಮತ್ತೆ ಹಾರು. ಈಗ ಒಂದು ಪಿಕ್ಸೆಲ್, ಮತ್ತೆ ಎಂಟು. ಎಲ್ಲ ದಿಕ್ಕಿಗೂ ಏಳು ಪಿಕ್ಸೆಲ್ಲಿನ ವ್ಯಾಪ್ತಿಯಲ್ಲಿ 225 ಜಾಗ ತಡಕುವ ಬದಲು 25. ಒಂಬತ್ತು ಪಟ್ಟು ಉಳಿತಾಯ! ಪುಟ್ಟದೊಂದು ಪ್ರೋಗ್ರಾಮು ಬರೆಯಬಲ್ಲ ವಿದ್ಯಾರ್ಥಿಗೂ ಅರ್ಥವಾಗುವ ಸರಳತೆ.

ಫೋರ್‌ಮನ್ನನ ಹೆಲ್ಮೆಟ್ಟಿನ ಅಂಚಿನ ಚೌಕವೊಂದನ್ನು ಈ ದಾರಿಯಲ್ಲಿ ಇಳಿಸಿ ನೋಡಿ. ಚೆನ್ನಾಗಿ ಇಳಿಯುತ್ತದೆ. ಬಾಗಿದ ಅಂಚು, ಬಿಳಿಯ ಮೇಲ್ಮೈ. ನೆಲ ಸರಿಯಾಗಿ ಇಳಿಜಾರಾಗಿದೆ. ಈಗ ಅವನ ಬೆನ್ನ ಹಿಂದಿನ ಗೋಡೆಯಿಂದ ಒಂದು ಚೌಕ ತೆಗೆದುಕೊಳ್ಳಿ. ಗೋಡೆಯ ತುಂಬ ಓರೆ ಪಟ್ಟಿಗಳು, ಒಂದರಂತೆ ಇನ್ನೊಂದು. ಮೊದಲ ಒಂಬತ್ತು ಬಿಂದುಗಳಲ್ಲಿ ಒಂದು ಪಕ್ಕದ ಪಟ್ಟಿಯ ಮೇಲೆ ಬಿತ್ತು. ಸ್ಯಾಡ್ ತಟಕ್ಕನೆ ಇಳಿಯಿತು. ಹುಡುಕುವವನು ಅತ್ತ ಹಾರಿದ. ಎರಡನೇ ಹೆಜ್ಜೆ, ಇನ್ನೂ ತಗ್ಗು. ಮೂರನೆಯದು, ಮತ್ತಷ್ಟು ತಗ್ಗು. ಸುತ್ತ ಎಲ್ಲೆಡೆ ಏರು. ತಳ ಮುಟ್ಟಿದೆ ಎಂದು ಕೂಗಿದ. ಅದು ತಳವಲ್ಲ, ಹಳ್ಳ. ನಿಜವಾದ ಕಣಿವೆ ಅವನು ಹೊರಟ ಜಾಗದಿಂದ ಒಂದೇ ಪಿಕ್ಸೆಲ್ ದೂರದಲ್ಲಿತ್ತು. ನಾಲ್ಕು ಪಿಕ್ಸೆಲ್ಲಿನ ಹೆಜ್ಜೆ ಅದನ್ನು ದಾಟಿ ಹೋಗಿತ್ತು.

ಹಳ್ಳಕ್ಕೆ ಬಿದ್ದರೆ ಚಿತ್ರ ಕೆಡುತ್ತದೆಯೇ? ಕೂಡಲೇ ಇಲ್ಲ. ತಪ್ಪು ಜಾಗದಿಂದ ತಂದ ಚೌಕಕ್ಕೂ ನಿಜವಾದ ಚೌಕಕ್ಕೂ ಇರುವ ವ್ಯತ್ಯಾಸವನ್ನು, ಅಂದರೆ ಉಳಿಕೆಯನ್ನು, ಎನ್‌ಕೋಡರ್ ಜೊತೆಗೇ ಕಳಿಸುತ್ತದೆ. ಆ ಉಳಿಕೆಯನ್ನು ಹಿಂಡಿ ಚಿಕ್ಕದಾಗಿಸುವುದು ಡಿಸಿಟಿ ಎಂಬ ಪರಿವರ್ತನೆ. ಅದರ ಬೇರು ನಮ್ಮೂರಿನತ್ತ ಚಾಚಿದೆ: 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಯುವಿಸಿಇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ನಾಸಿರ್ ಅಹ್ಮದ್ ಅಮೆರಿಕದ ಕನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದಾಗ ಇದರ ಅಧ್ಯಯನಕ್ಕೆ ಹಣ ಕೇಳಿದರು. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಕೊಡಲಿಲ್ಲ. ಕೊಡದಿದ್ದರೂ ಅವರು ಬಿಡಲಿಲ್ಲ. ಟಿ. ನಟರಾಜನ್, ಕೆ. ಆರ್. ರಾವ್ ಜೊತೆ 1974ರಲ್ಲಿ ಅದು ಅಚ್ಚಾಯಿತು. ಹಳ್ಳಕ್ಕೆ ಬಿದ್ದ ಚೌಕಗಳನ್ನು ಅಂದಿನಿಂದ ಮೇಲೆತ್ತುತ್ತಿರುವುದು ಅದೇ.

ಆದರೆ ಮೇಲೆತ್ತಲು ಬಿಟ್‌ಗಳು ಬೇಕು. ಒಂದು ಚೌಕ ಬಿದ್ದರೆ ಸರಿ. ಐವತ್ತು ಬಿದ್ದರೆ ಹೊರಡಲು ಕಾದಿರುವ ಬಿಟ್‌ಗಳ ಬಫರ್ ತುಂಬಿ ತುಳುಕುತ್ತದೆ, ಮುಂದಿನ ಫ್ರೇಮುಗಳ ಪಾಲು ಕತ್ತರಿಸಿಹೋಗುತ್ತದೆ, ಮುಖಗಳ ಮೇಲೆ ಚೌಕಳಿ ಏಳುತ್ತದೆ. ಹಳ್ಳಕ್ಕೆ ಬಿದ್ದವನ ಸಾಲವನ್ನು ಹಿಂದೆ ಬರುವವರು ತೀರಿಸಬೇಕು.

ಮುಂದಿನ ಹದಿನೈದು ವರ್ಷ ಒಬ್ಬರಾದ ಮೇಲೊಬ್ಬರು ಇಳಿದರು. ಅದೇ ಕೆ. ಆರ್. ರಾವ್ 1985ರಲ್ಲಿ ಶ್ರೀನಿವಾಸನ್ ಜೊತೆ ಬಂದರು: ಮೊದಲು ಅಡ್ಡಡ್ಡ ನಡೆ, ನೆಲ ಏರತೊಡಗಿದ ಕೂಡಲೇ ನಿಲ್ಲು, ಆಮೇಲೆ ಉದ್ದುದ್ದ ನಡೆ. 1994ರಲ್ಲಿ ಲೀ, ಝೆಂಗ್, ಲಿಯೊ ಮೂರು ಹೆಜ್ಜೆಯ ಹುಡುಕಾಟಕ್ಕೆ ಹೊರಟ ಜಾಗದ ಎಂಟು ನೆರೆಬಿಂದುಗಳನ್ನೂ ಸೇರಿಸಿದರು. ಆ ಗೋಡೆಯ ಚೌಕ ಇವರ ಕೈಯಲ್ಲಿದ್ದರೆ ಬದುಕುತ್ತಿತ್ತು. ಚೌಕ ಅಲುಗದೆ ನಿಂತಿದ್ದರೆ 17 ಬಿಂದುಗಳಲ್ಲೇ ಮನೆಗೆ, ಗ್ರಹಚಾರ ಕೆಟ್ಟರೆ 33. 1996ರಲ್ಲಿ ಪೋ ಮತ್ತು ಮಾ ನಾಲ್ಕು ಹೆಜ್ಜೆಯ ದಾರಿ ತಂದರು.

ನಂತರ ಬಂದದ್ದು ವಜ್ರ.

ಸಿಂಗಪುರದಲ್ಲಿ ಶಾನ್ ಝೂ ಮತ್ತು ಕೈ-ಕುವಾಂಗ್ ಮಾ ಬೇರೆ ಬೇರೆ ವಿಡಿಯೊಗಳಲ್ಲಿ ಚೌಕಗಳು ನಿಜಕ್ಕೂ ಎಷ್ಟು ದೂರ ಹೋಗಿರುತ್ತವೆ ಎಂದು ಎಣಿಸಿದರು. ಅರ್ಧಕ್ಕೂ ಹೆಚ್ಚು ಚೌಕಗಳು ಹೊರಟಲ್ಲಿಂದ ಎರಡು ಪಿಕ್ಸೆಲ್ ಸುತ್ತಿನೊಳಗೇ ಇದ್ದವು. ಶಾಂತವಾದ ತುಣುಕುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ. ಹಾಗಿದ್ದ ಮೇಲೆ ಮೊದಲ ಹೆಜ್ಜೆಯಲ್ಲೇ ನಾಲ್ಕು ಪಿಕ್ಸೆಲ್ ಹಾರುವ ದುಡುಕೇಕೆ? ಒಂಬತ್ತು ಬಿಂದುಗಳನ್ನು ವಜ್ರದಾಕಾರದಲ್ಲಿ ಹರಡು: ನಡುವೆ ಒಂದು, ಎರಡು ಪಿಕ್ಸೆಲ್ ಆಚೆ ನಾಲ್ಕು ತುದಿ, ನಡುನಡುವೆ ಓರೆಗೆ ನಾಲ್ಕು. ತಗ್ಗಿನ ಕಡೆಗೆ ವಜ್ರವನ್ನೇ ಎತ್ತಿಕೊಂಡು ನಡೆ. ನಡುಬಿಂದುವೇ ಎಲ್ಲಕ್ಕಿಂತ ತಗ್ಗಾಗುವವರೆಗೂ ನಡೆ. ಎಷ್ಟು ಹೆಜ್ಜೆ ಎಂಬ ಲೆಕ್ಕವಿಲ್ಲ. 2000ದಲ್ಲಿ ಈ ದಾರಿ ಪೂರ್ಣರೂಪದಲ್ಲಿ ಪ್ರಕಟವಾಯಿತು.

ಸ್ಟೀಫನ್ನನ ತೋಳಿನ ಚೌಕವೊಂದು ಇಳಿಯುತ್ತಿದೆ, ಜೊತೆಗೆ ಬನ್ನಿ. ಒಂಬತ್ತು ಬಿಂದು. ಬಲತುದಿ ತಗ್ಗು. ವಜ್ರ ಎರಡು ಪಿಕ್ಸೆಲ್ ಬಲಕ್ಕೆ ಸರಿಯಿತು. ಇಲ್ಲೊಂದು ಸೊಗಸಿದೆ: ಹೊಸ ವಜ್ರದ ಒಂಬತ್ತರಲ್ಲಿ ನಾಲ್ಕು ಬಿಂದುಗಳನ್ನು ಈಗಾಗಲೇ ತುಳಿದಾಗಿದೆ, ಅವುಗಳ ಸುಂಕ ಮತ್ತೆ ಕಟ್ಟಬೇಕಿಲ್ಲ. ಹೊಸದು ಐದೇ. ಈ ಸಲ ಬಲಮೇಲಿನ ಓರೆಯ ಬಿಂದು ತಗ್ಗು. ವಜ್ರ ಓರೆಗೆ ಸರಿಯಿತು, ಹೊಸದು ಮೂರೇ. ಈಗ ನಡುಬಿಂದುವೇ ತಗ್ಗು! ದೊಡ್ಡ ವಜ್ರ ಬಿಟ್ಟು ಪುಟ್ಟ ವಜ್ರ ಹಿಡಿ. ಪಕ್ಕದ ನಾಲ್ಕು ಬಿಂದು ಮುಟ್ಟಿ ನೋಡು. ಬಲಗಡೆಯದು ಇನ್ನೂ ಚೂರು ತಗ್ಗು. ಅದೇ ತಳ. ಒಂಬತ್ತು, ಐದು, ಮೂರು, ನಾಲ್ಕು: 21 ಕಾಲಿಟ್ಟು ನಾಲ್ಕು ಪಿಕ್ಸೆಲ್ ಬಲಕ್ಕೆ, ಒಂದು ಪಿಕ್ಸೆಲ್ ಮೇಲಕ್ಕೆ ಬಂದು ನಿಂತಿದ್ದೇವೆ. 1,089ರಲ್ಲಿ 21. ಅಲುಗದ ಚೌಕವಾಗಿದ್ದರೆ 13ರಲ್ಲೇ ಮುಗಿಯುತ್ತಿತ್ತು. ಎರಡು ವರ್ಷದ ಮೇಲೆ ಸೀ ಝೂ, ಶಿಯಾವೊ ಲಿನ್, ಲಾಪ್-ಪುಯ್ ಚೌ ವಜ್ರದ ಬದಲು ಷಟ್ಕೋನ ಹಿಡಿದು ಅದನ್ನೂ 11ಕ್ಕೆ ಇಳಿಸಿದರು.

ಇದೆಲ್ಲ ನಡೆಯುವಾಗ ಪ್ರೊಸೆಸರ್ ಮಾಡುವವರೂ ಸುಮ್ಮನಿರಲಿಲ್ಲ. ಪೆಂಟಿಯಂ 3ರೊಳಗೆ ಪಿ-ಸ್ಯಾಡ್-ಬಿ-ಡಬ್ಲ್ಯು ಎಂಬ ಒಂದು ಆದೇಶ ಬಂದಿತ್ತು. ಎಂಟು ಪಿಕ್ಸೆಲ್ಲುಗಳ ವ್ಯತ್ಯಾಸವನ್ನು ಒಂದೇ ಏಟಿಗೆ ತೆಗೆದು ಕೂಡಿ ಕೊಡುವ ಆಯುಧ. 256 ಪಿಕ್ಸೆಲ್ಲಿಗೆ 32 ಏಟು ಸಾಕು. ಆಯುಧ ಸಿಕ್ಕಿತಲ್ಲ, ಇನ್ನು ಎಲ್ಲ ಜಾಗವನ್ನೂ ನೋಡಬಹುದೇ? 1,089 ಗುಣಿಸು 32: 34,848 ಆದೇಶ. ನೆನಪಿನಿಂದ ಪಿಕ್ಸೆಲ್ ತರುವ, ಮೊತ್ತಗಳನ್ನು ಕೂಡುವ ಕೆಲಸ ಬೇರೆ. 42,000 ಟಿಕ್ ಅಲ್ಲಿಗೇ ಖಾಲಿ. ವಜ್ರದ 21 ಬಿಂದುಗಳಿಗಾದರೆ 672. ಆಯುಧದ ಮೇಲೆ ನಂಬಿಕೆಯಿಟ್ಟು ದಾರಿಯನ್ನು ಮರೆತವರು ಇಲ್ಲೂ ಸೋತರು.

ಈಗ ಮತ್ತೆ ಆ ಎಳೆತಕ್ಕೆ ಬನ್ನಿ. ಕ್ಯಾಮೆರಾ ತಿರುಗುತ್ತಿದೆ, ಫ್ರೇಮಿಂದ ಫ್ರೇಮಿಗೆ ಇಡೀ ದೃಶ್ಯ ಹತ್ತಾರು ಪಿಕ್ಸೆಲ್ ಜಾರುತ್ತಿದೆ ಎನ್ನಿ. ಸೊನ್ನೆಯಿಂದ, ಅಂದರೆ ಚೌಕ ಅಲುಗಿಯೇ ಇಲ್ಲವೆಂಬ ಊಹೆಯಿಂದ, ಹೊರಟ ವಜ್ರ ಎರಡೆರಡೇ ಪಿಕ್ಸೆಲ್ ತೆವಳಬೇಕು. ದಾರಿಯಲ್ಲಿ ಕಟ್ಟಡದ ಕಂಬ, ಕಿಟಕಿ, ಕಂಬ, ಕಿಟಕಿ. ಒಂದರ ಹಿಂದೊಂದು ಹಳ್ಳ. ಮೊದಲ ಚೌಕ ಬಿತ್ತು. ಎರಡನೆಯದು ಬಿತ್ತು. ಚಲನೆ ಚಿಕ್ಕದು ಎಂದು ನಂಬಿದ್ದ ವಜ್ರಕ್ಕೆ ಇದು ಕೊಲ್ಲುವ ದಾರಿ.

ಬದುಕಿಸಿದ್ದು ಅಕ್ಕಪಕ್ಕದವರು.

ಕ್ಯಾಮೆರಾ ತಿರುಗಿದಾಗ ಚೌಕಗಳೆಲ್ಲ ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ ಜಾರುತ್ತವಲ್ಲವೇ? ಎಡಪಕ್ಕದ ಚೌಕ ಆಗಲೇ ತಳ ಮುಟ್ಟಿದೆ. ಮೇಲಿನದೂ ಮುಟ್ಟಿದೆ. ಮೇಲೆ ಬಲಕ್ಕಿರುವುದೂ ಮುಟ್ಟಿದೆ. ಮೂವರನ್ನೂ ಕೇಳು, ನಡುವಿನ ಉತ್ತರ ತೆಗೆದುಕೋ, ಮೊದಲ ಕಾಲನ್ನು ನೇರ ಅಲ್ಲೇ ಇಡು! ಹೊಸೂರ್ ಮತ್ತು ವಜ್ರದ ಕೈ-ಕುವಾಂಗ್ ಮಾ 1999ರಲ್ಲಿ, ತೌರಾಪಿಸ್, ಔ, ಲಿಯೊ 2001ರ ಹೊತ್ತಿಗೆ ಈ ಧೈರ್ಯವನ್ನು ಪಳಗಿಸಿ ಎಂಪೆಗ್-4 ಎಂಬ ವಿಡಿಯೊ ಮಾನದಂಡದ ಮಂದಿಯ ಮುಂದಿಟ್ಟರು. ನೆರೆಯವರ ಮೂರು ಉತ್ತರ, ಅವುಗಳ ನಡುವಿನದು, ಹಿಂದಿನ ಫ್ರೇಮಿನಲ್ಲಿ ಇದೇ ಜಾಗದ ಚೌಕ ಕೊಟ್ಟ ಉತ್ತರ, ಜೊತೆಗೆ ಸೊನ್ನೆ. ಇವಿಷ್ಟನ್ನು ಮುಟ್ಟಿ ನೋಡು. ಸ್ಯಾಡ್ ಒಂದು ಮಿತಿಗಿಂತ ಕೆಳಗಿಳಿಯಿತೋ, ಅಲ್ಲಿಗೇ ನಿಲ್ಲಿಸು. ವಜ್ರವೂ ಬೇಡ, ಹೆಜ್ಜೆಯೂ ಬೇಡ. ಇಲ್ಲವಾದರೆ ಮಾತ್ರ ಅವುಗಳಲ್ಲಿ ಒಳ್ಳೆಯದನ್ನು ಹಿಡಿದು ಪುಟ್ಟ ವಜ್ರದಿಂದ ನಡೆ.

ತಳ ಇನ್ನೂ ಕೆಳಗಿರಬಹುದು ಎಂದು ಗೊತ್ತಿದ್ದೂ ನಿಲ್ಲಿಸುವುದು! ಈ ಇಡೀ ಗಾಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡ ಎದೆಗಾರಿಕೆ ಎನಿಸುವುದು ಇದೇ. ಎಂಜಿನಿಯರುಗಳಿಗೆ ಉತ್ತಮೋತ್ತಮವನ್ನು ಬಿಟ್ಟುಕೊಡುವುದೆಂದರೆ ಹಲ್ಲು ಕೀಳಿಸಿಕೊಂಡಷ್ಟು ಸಂಕಟ. ಆದರೆ ಇಲ್ಲಿ ಬಿಟ್ಟುಕೊಟ್ಟವರೇ ಬದುಕಿದರು. ಅದಕ್ಕೆ ಕಾರಣವೂ ಇತ್ತು. ಚಲನೆಯ ಉತ್ತರವನ್ನು ಕಳಿಸುವಾಗ ನೆರೆಯವರ ಉತ್ತರಕ್ಕಿಂತ ಎಷ್ಟು ಬೇರೆ ಎಂಬುದನ್ನಷ್ಟೇ ಬರೆಯುತ್ತಾರೆ. ನೆರೆಯವರ ಹಾದಿಯಲ್ಲೇ ನಿಂತರೆ ಬರೆಯುವ ಬಿಟ್‌ಗಳೂ ಉಳಿಯುತ್ತವೆ. ಎಲ್ಲ ಜಾಗ ಜಾಲಾಡಿ, ಎಲ್ಲೋ ದೂರದಲ್ಲಿ ಕೂದಲೆಳೆಯಷ್ಟು ತಗ್ಗಿನ ತಳ ಕಂಡವನು ಆ ದೂರವನ್ನು ಬರೆಯಲು ಹೆಚ್ಚು ಬಿಟ್ ಸುರಿಯಬೇಕಾಗುತ್ತಿತ್ತು.

ಹೀಗಾಗಿ ಅತ್ಯಂತ ಭೀಕರವಾಗಿದ್ದ ಆ ಎಳೆತವೇ ಅತ್ಯಂತ ಸಲೀಸಾದ ಇಳಿಜಾರಾಯಿತು. ಮೊದಲ ಒಂದೆರಡು ಚೌಕ ಒದ್ದಾಡಿ ದಾರಿ ಕಂಡರೆ ಸಾಕು, ಉಳಿದವು ದಡದಡನೆ ಇಳಿದುಬಿಟ್ಟವು.

ಅಪಾಯ ಮಾತ್ರ ವೇಷ ಬದಲಿಸಿತು. ಫೋರ್‌ಮನ್ನನ ಕೈ ಅಡ್ಡಬರುವ ಕಡೆ ನೋಡಿ. ಸುತ್ತಲ ಚೌಕಗಳೆಲ್ಲ ಒಂದು ದಿಕ್ಕು ಹೇಳುತ್ತವೆ, ಕೈ ಇನ್ನೊಂದು ಕಡೆ ಹೋಗುತ್ತಿದೆ. ನೆರೆಯವರನ್ನು ನಂಬಿದ ಚೌಕ ದಾರಿತಪ್ಪುತ್ತದೆ, ಅದನ್ನು ನಂಬಿದ ಮುಂದಿನದೂ ತಪ್ಪುತ್ತದೆ. ಹಿಂದಿನ ಫ್ರೇಮಿನ ಉತ್ತರವನ್ನೂ ಸೊನ್ನೆಯನ್ನೂ ಪಟ್ಟಿಯಲ್ಲಿ ಉಳಿಸಿಕೊಂಡದ್ದು ಇದಕ್ಕೇ. ಕೈ ಸರಿದ ಮೇಲೆ ಅದರ ಹಿಂದಿನಿಂದ ಹೊಸದಾಗಿ ಕಂಡ ಜಾಗಕ್ಕಂತೂ ಹಿಂದಿನ ಫ್ರೇಮಿನಲ್ಲಿ ಗುರುತೇ ಇಲ್ಲ. ಅಲ್ಲಿ ತಳವೆಂಬುದೇ ಇಲ್ಲ. ಎಷ್ಟು ಹುಡುಕಿದರೂ ದಣಿವಷ್ಟೇ.

ಎಲ್ಲರೂ ಬಿಟ್ಟುಕೊಡಲಿಲ್ಲ ಎಂಬುದನ್ನೂ ಹೇಳಬೇಕು. 1995ರಲ್ಲಿ ಲೀ ಮತ್ತು ಸಲಾರಿ ಹಟ ಹಿಡಿದರು: ನಿಜವಾದ ತಳವೇ ಬೇಕು, ಆದರೆ ಎಲ್ಲ ಕಡೆ ಕಾಲಿಡಲಾರೆವು. ಅವರ ಉಪಾಯಕ್ಕೆ ಬೇಕಾದದ್ದು ಶಾಲೆಯ ಗಣಿತ. ಎರಡು ಚೌಕಗಳ ಪಿಕ್ಸೆಲ್ಲುಗಳನ್ನು ಸುಮ್ಮನೆ ಕೂಡಿ. ಆ ಎರಡು ಮೊತ್ತಗಳ ನಡುವಿನ ಅಂತರ ಯಾವತ್ತೂ ಅವುಗಳ ಸ್ಯಾಡ್‌ಗಿಂತ ಹೆಚ್ಚಿರಲಾರದು. ಅಂದರೆ ಮೊತ್ತಗಳ ಅಂತರವೇ ಈವರೆಗೆ ಕಂಡ ತಗ್ಗಿಗಿಂತ ಎತ್ತರವಾಗಿದ್ದರೆ ಆ ಜಾಗಕ್ಕೆ ಕಾಲಿಡುವ ಅಗತ್ಯವೇ ಇಲ್ಲ. ಅಲ್ಲಿ ತಳವಿಲ್ಲ ಎಂದು ದೂರದಿಂದಲೇ ಪ್ರಮಾಣ ಮಾಡಬಹುದು. ಮೊತ್ತಗಳನ್ನು ಫ್ರೇಮಿಗೊಂದು ಸಲ, ಹಳೆಯ ಸಾಲೊಂದನ್ನು ಕಳೆದು ಹೊಸ ಸಾಲೊಂದನ್ನು ಕೂಡುತ್ತ, ಅಗ್ಗವಾಗಿ ಮಾಡಿಟ್ಟುಕೊಳ್ಳಬಹುದು. 256 ಕಳೆಯುವ ಲೆಕ್ಕದ ಬದಲು ಒಂದೇ ಒಂದು. ಉತ್ತರದಲ್ಲಿ ಎಳ್ಳಷ್ಟೂ ರಾಜಿಯಿಲ್ಲ. ಎಷ್ಟು ಜಾಗಗಳು ಹೀಗೆ ಉದುರುತ್ತವೆ ಎಂಬುದು ದೃಶ್ಯವನ್ನು ಅವಲಂಬಿಸಿದೆ ಎಂಬುದೊಂದೇ ತೊಡಕು, ಮತ್ತು ಗಡಿಯಾರಕ್ಕೆ ಇಂಥ ಅನಿಶ್ಚಿತತೆ ಹಿಡಿಸುವುದಿಲ್ಲ.

2003ರಲ್ಲಿ ಎಚ್.264 ಎಂಬ ಹೊಸ ಮಾನದಂಡ ಬಂತು, ಘಟ್ಟ ಒಂದಿದ್ದದ್ದು ನಲವತ್ತೊಂದಾಯಿತು. ಒಂದೇ ಚೌಕವನ್ನು 16×16ರಿಂದ 4×4ರವರೆಗೆ ಬೇರೆ ಬೇರೆ ಬಗೆಯಲ್ಲಿ ಕತ್ತರಿಸಬಹುದು, ತುಂಡು ತುಂಡಿಗೂ ಬೇರೆ ಚಲನೆ ಇರಬಹುದು. ಎಣಿಸಿದರೆ 41 ತುಂಡು. ಹಿಂದಿನ ಒಂದೇ ಫ್ರೇಮಲ್ಲ, 16 ಫ್ರೇಮುಗಳವರೆಗೆ ಹಿಂದೆ ಹೋಗಿ ಹುಡುಕಬಹುದು. ತಳ ಸಿಕ್ಕಮೇಲೂ ಬಿಡುವಿಲ್ಲ. ಕಾಲು ಪಿಕ್ಸೆಲ್ಲಿನಷ್ಟು ಸೂಕ್ಷ್ಮವಾಗಿ ಮತ್ತೆ ತಡಕಬೇಕು, ಇಲ್ಲದ ಪಿಕ್ಸೆಲ್ಲುಗಳನ್ನು ಅಕ್ಕಪಕ್ಕದ ಆರು ಪಿಕ್ಸೆಲ್ಲುಗಳಿಂದ ಲೆಕ್ಕಹಾಕಿ ಹುಟ್ಟಿಸಬೇಕು. ಪುಣ್ಯಕ್ಕೆ 4×4ರ ಸ್ಯಾಡ್‌ಗಳನ್ನು ಒಮ್ಮೆ ತೆಗೆದಿಟ್ಟರೆ ದೊಡ್ಡ ತುಂಡುಗಳದ್ದು ಬರೀ ಕೂಡುವ ಕೆಲಸ.

ಆ ಕಾಡಿನೊಳಗೆ 1981ರಿಂದ ಸವೆದ ದಾರಿಗಳೆಲ್ಲ ಒಂದೆಡೆ ಸೇರಿದವು. ಎಕ್ಸ್264 ಎಂಬ ಮುಕ್ತ ಎನ್‌ಕೋಡರನ್ನು ತೆರೆದು ನೋಡಿ. ಅವಸರವಿದ್ದವರಿಗೆ ವಜ್ರ, ಸಾಮಾನ್ಯವಾಗಿ ಷಟ್ಕೋನ, ಸಮಯವಿದ್ದವರಿಗೆ ದೂರದೂರಕ್ಕೆ ಹರಡಿದ ಹಲವು ಷಟ್ಕೋನಗಳು, ಹಟವಿದ್ದವರಿಗೆ ಲೀ-ಸಲಾರಿಯ ಮೊತ್ತದ ಉಪಾಯದೊಂದಿಗೆ ಇಡೀ ನೆಲ. ಯಾವುದನ್ನು ಆರಿಸಿದರೂ ಹೊರಡುವುದು ನೆರೆಯವರು ಹೇಳಿದ ಜಾಗದಿಂದಲೇ.

ಇವತ್ತಿನ ಗಡಿಯಾರ ಇನ್ನೂ ನಿರ್ದಯಿ. 3840×2160ರ ಫ್ರೇಮಿನಲ್ಲಿ 32,400 ಚೌಕ. ಸೆಕೆಂಡಿಗೆ 60 ಫ್ರೇಮು. ಒಂದೇ ಸಾಲಿನಲ್ಲಿ ಇಳಿಸಿದರೆ ಚೌಕಕ್ಕೆ ಅರ್ಧ ಮೈಕ್ರೊಸೆಕೆಂಡು. ಅದಕ್ಕೇ ಪ್ರೊಸೆಸರಿನ ಹಲವು ಕೋರ್‌ಗಳಿಗೆ ಸಾಲುಗಳನ್ನು ಹಂಚುತ್ತಾರೆ. ಆದರೆ ಕೆಳಸಾಲಿನವರು ಮೇಲಿನ ಸಾಲಿನವರ ಉತ್ತರಕ್ಕಾಗಿ ಕಾಯಬೇಕು, ಬಲಮೇಲಿನ ಚೌಕ ಮುಗಿಯದೆ ಮುಂದೆ ಕಾಲಿಡುವಂತಿಲ್ಲ. ಸಾಲುಗಳು ಮೆಟ್ಟಿಲು ಮೆಟ್ಟಿಲಾಗಿ, ಒಂದರ ಹಿಂದೆ ಒಂದು ಓಡುತ್ತವೆ.

ಹಾಗೆ ಓಡುತ್ತಿರುವಾಗಲೇ ನೇರಪ್ರಸಾರದ ನಿರ್ದೇಶಕ ಗುಂಡಿ ಒತ್ತುತ್ತಾನೆ. ಬೌಲರ್ ಮಾಯ, ಗ್ಯಾಲರಿ ಪ್ರತ್ಯಕ್ಷ. ಹೊಸ ದೃಶ್ಯದ ಒಂದೇ ಒಂದು ಪಿಕ್ಸೆಲ್ಲಿಗೂ ಹಿಂದಿನ ಫ್ರೇಮಿನಲ್ಲಿ ನೆಂಟರಿಲ್ಲ. ವಜ್ರ, ಷಟ್ಕೋನ, ನೆರೆಯವರ ಮಾತು, ಎಲ್ಲವೂ ಸುಳ್ಳು. ಆದರೆ ಎನ್‌ಕೋಡರ್ ಇದನ್ನು ಮೊದಲೇ ಕಂಡಿದೆ. ಮುಂದೆ ಬರಲಿರುವ ಫ್ರೇಮುಗಳನ್ನು ಅರ್ಧ ಅಳತೆಗೆ ಕುಗ್ಗಿಸಿ, ಮೇಲುಮೇಲಿನ ಒಂದು ಅಗ್ಗದ ಹುಡುಕಾಟ ನಡೆಸಿ, ಹಿಂದಿನದನ್ನು ನೆಚ್ಚಿಕೊಂಡರೆ ಎಷ್ಟು ಖರ್ಚು, ನೆಚ್ಚದಿದ್ದರೆ ಎಷ್ಟು ಎಂದು ತೂಗಿಟ್ಟಿದೆ. ತಕ್ಕಡಿ ವಾಲಿತು. ಹುಡುಕಬೇಡಿ ಎಂದು ಆಜ್ಞೆ ಹೊರಟಿತು. ಈ ಫ್ರೇಮು ತನ್ನ ಕಾಲ ಮೇಲೆ ತಾನೇ ನಿಂತು, ಎಲ್ಲ ಬಿಟ್‌ಗಳನ್ನೂ ತಾನೇ ಹೊತ್ತು ಸಾಗಿತು. ಬಫರ್ ಬಾಯಿಯವರೆಗೆ ತುಂಬಿ, ತುಳುಕದೆ ನಿಂತಿತು.

ಹದಿನಾರು ಮಿಲಿಸೆಕೆಂಡು ಕಳೆಯಿತು. ಮುಂದಿನ ಫ್ರೇಮು ಬಂತು. ಮೇಲಿನ ಎಡಮೂಲೆಯ ಚೌಕಕ್ಕೆ ಕೇಳಲು ಎಡಗಡೆ ಯಾರೂ ಇಲ್ಲ, ಮೇಲೆಯೂ ಯಾರಿಲ್ಲ, ಹಿಂದಿನ ಫ್ರೇಮಿನಲ್ಲಿ ಯಾರೂ ಹುಡುಕಿಯೇ ಇರಲಿಲ್ಲ. ಅದು ಸೊನ್ನೆಯ ಮೇಲೆ ಕಾಲಿಟ್ಟು ಷಟ್ಕೋನದ ಏಳು ಬಿಂದು ಮುಟ್ಟಿತು, ತಗ್ಗಿನತ್ತ ಸರಿಯಿತು, ಮೂರು ಮುಟ್ಟಿತು, ಮತ್ತೆ ಮೂರು, ಕೊನೆಗೆ ಪಕ್ಕದ ನಾಲ್ಕು. ನಿಂತಿತು. ಬಲಪಕ್ಕದ ಚೌಕ ಆ ಉತ್ತರವನ್ನು ಎತ್ತಿಕೊಂಡು ಆಗಲೇ ಇಳಿಯತೊಡಗಿತ್ತು.